ಬಾಯಿ ಬಿಡಬಾರದ ಪೆಟ್ಟಿಗೆ

ನನ್ನ ಹೆಂಡತಿಯ ಕಿವಿಗೆ ಈಗ ದಪ್ಪ ಸ್ವರಗಳಷ್ಟೇ ಸರಿಯಾಗಿ ಬೀಳುತ್ತವೆ. ಕೊಳಲು, ಕಾಲಿಂಗ್ ಬೆಲ್ಲು, ನನ್ನ ಗೊಣಗಾಟ ಎಲ್ಲ ಹೋದವು. ಕೊನೆಯದು ಹೋದದ್ದಕ್ಕೆ ಅವಳಿಗೇನೂ ಬೇಜಾರಿಲ್ಲವಂತೆ. ಹಾಡಿನ ತಳದಲ್ಲಿ ನಡೆಯುವ ಸ್ವರಗಳನ್ನಾದರೂ ಕೇಳಿಸೋಣ ಅಂತ ದಪ್ಪ ಸ್ವರ ನುಡಿಸುವ ಸಬ್‌ವೂಫರ್ ಸ್ಪೀಕರಿಗೆ ಮರದ ಪೆಟ್ಟಿಗೆ ಕಟ್ಟಲು ಕೂತೆ. ದಿನವಿಡೀ ವ್ಯಾನ್ ಓಡಿಸಿದ ಬೆನ್ನು, ಅದರ ಮೇಲೆ ಇದೊಂದು.

ಎರಡು ಪೆಟ್ಟಿಗೆ ಕೆಟ್ಟವು. ಸ್ವರ ಯಾವುದೇ ಇರಲಿ, ಹಲಗೆಯೇ ಅದುರಿ ಗುಂಯ್ ಅನ್ನುತ್ತಿತ್ತು.

"ಎಲ್ಲಾ ಒಂದೇ ಥರ ರೀ, ಜೇನುಗೂಡಿಗೆ ಕಿವಿ ಕೊಟ್ಟಂಗೆ" ಅಂದಳು. "ಇನ್ನೊಂದ್ಸಲ ನೋಡಿ, ಆಮೇಲೆ ಬಿಟ್ಬಿಡಿ. ನನಗೆ ಅಭ್ಯಾಸ ಆಗೋಗಿದೆ."

ಅಭ್ಯಾಸ ಅಂದದ್ದೇ ನನ್ನನ್ನು ಚುಚ್ಚಿತು.

ಮೂರನೆಯದಕ್ಕೆ ಅವಳ ಅಣ್ಣನನ್ನು ಕರೆದೆ. ಭಾವ ನಲವತ್ತು ವರ್ಷ ತಂತಿವಾದ್ಯ ಮಾಡಿದ ಬಡಗಿ. ಇಂಚು ದಪ್ಪದ ಹಲಗೆ, ಮೂಲೆಮೂಲೆಗೂ ಅಂಟು, ಒಳಗೆ ಅಡ್ಡಪಟ್ಟಿ. ಕೂದಲು ತೂರದಂತೆ ಕೂಡಿಸಿಕೊಟ್ಟರು. ಹಾಡು ಹಚ್ಚಿದರೆ ಮತ್ತದೇ ಗುಂಯ್. ಅವಳು ಬಟ್ಟೆ ಮಡಚಲು ಹೋದಳು.

ಸ್ಪೀಕರ್ ಬಿಚ್ಚಿ, ತೂತಿನೊಳಗೆ ಕೈಯಿಟ್ಟು ತಡವಿದೆ. ಪಕ್ಕದ ಹಲಗೆ ಅಡ್ಡಪಟ್ಟಿಯ ಆಚೀಚೆ ತಟ್ಟೆಯಂತೆ ತಗ್ಗು.

"ಭಾವ, ಇದನ್ನ ಹೆರೆದ್ರಾ?"

"ಕೂಡಿಸೋ ಮುಂಚೆ, ಸ್ವಲ್ಪ. ತಟ್ಟಿದ್ರೆ ನಾದಾನೇ ಇಲ್ಲ, ಬಾಯಿಗೆ ಬೀಗ ಹಾಕ್ದಂಗಿತ್ತು ಕಣಯ್ಯಾ. ಬಾಯಿ ಬಿಡಿಸ್ದೆ."

"ಅದು ಬಾಯಿ ಬಿಡಬಾರ್ದು ಅಂತಾನೇ ಮೂರು ತಿಂಗಳಿಂದ ಒದ್ದಾಡ್ತಿರೋದು ಭಾವ."

ಅವರು ತಮ್ಮ ಅಂಗೈ ನೋಡಿಕೊಂಡರು. "ಕೈ ತಾನಾಗೇ ಹೋಗ್ಬಿಡ್ತು" ಅಂದರು. "ಮರದ ಬಾಯಿ ಮುಚ್ಚಿಸೋದು ನನಗ್ಯಾರೂ ಕಲಿಸ್ಲಿಲ್ಲ."

ಬೈಯಲು ನನ್ನಲ್ಲಿ ತ್ರಾಣವಿರಲಿಲ್ಲ. ಮರುವಾರ ಇಬ್ಬರೂ ಸೇರಿ ಎರಡೂ ಪಕ್ಕಕ್ಕೆ ಹೊರಗಿನಿಂದ ಇನ್ನೊಂದೊಂದು ಹಲಗೆ ಅಂಟಿಸಿ, ತೂತಿನೊಳಗಿಂದ ಮತ್ತೊಂದು ಅಡ್ಡಪಟ್ಟಿ ಬಿಗಿದೆವು. ಭಾವ ಗೆಣ್ಣಿನಿಂದ ತಟ್ಟಿದರು. ಠಪ್.

"ಕಲ್ಲು" ಅಂದರು, ಸಾವಿನ ಮನೆಯಿಂದ ಬಂದವರ ಹಾಗೆ.

ಹಾಡು ಹಚ್ಚಿದೆ. ಅವಳು ಪೆಟ್ಟಿಗೆಯ ಮೇಲೆ ಅಂಗೈಯಿಟ್ಟು, "ಅದುರ್ತಾನೇ ಇಲ್ವಲ್ಲ" ಅಂದಳು. ಇದೂ ಹೋಯಿತು ಅಂದುಕೊಂಡೆ. ಅವಳು ಕೈ ತೆಗೆದು, ಕತ್ತು ವಾಲಿಸಿ ನಿಂತಳು. ತೋರುಬೆರಳು ಸ್ವರದ ಜೊತೆಗೆ ಗಾಳಿಯಲ್ಲಿ ಮೆಟ್ಟಿಲು ಇಳಿಯಿತು, ಇನ್ನೊಂದು ಇಳಿಯಿತು, ಮೆಲ್ಲಗೆ ಹತ್ತಿತು.

ಭಾವನ ಗೆಣ್ಣು ಅಭ್ಯಾಸಬಲದಿಂದ ಮತ್ತೆ ಪೆಟ್ಟಿಗೆಯತ್ತ ಹೋಗುತ್ತಿತ್ತು. ಅವಳು ಅವರ ಕೈ ಹಿಡಿದುಕೊಂಡಳು.

"ತಟ್ಟಬೇಡ ಅಣ್ಣಾ. ಕೇಳ್ತಿದೀನಿ."