ಮೂರು ಸಲ ಹೆರೆದ ಬಾಗಿಲು

"ಕದಿಯೋಕೆ ಏನಿದೆಯೇ ಮುಂಡೆ ನಿನ್ನ ಮನೇಲಿ? ಬಾಗಿಲು ಮುಚ್ಚದಿದ್ರೆ ತೆರೆದಿಟ್ಕೊಂಡು ಬಿದ್ಕೋ!"

ಕ್ವಾರಿ ಧಣಿಯ ಮಾತಿಗೆ ಎದುರು ಕುರ್ಚಿಯ ಸಾಹೇಬ, ಸರ್ಕಾರದಿಂದ ತಪಾಸಣೆಗೆಂದು ಬಂದವನು, ಬಾಯ್ತುಂಬ ನಕ್ಕ. ಬಡಗಿಯಮ್ಮ ಕಚೇರಿಯ ಹೊಸ್ತಿಲಾಚೆಗೇ ನಿಂತಿದ್ದಳು. ಗಂಡ ಸತ್ತ ಮೇಲೆ ಮರ ಹೆರೆಯುವ ಅವನ ಉಜ್ಜುಗೊರಡು ಅವಳ ಕೈಗೆ ಬಂದಿತ್ತು. ಕ್ವಾರಿಯ ನೆತ್ತಿಯ ಇಳಿಜಾರಿನಲ್ಲಿ ಅವಳದೂ ಸೇರಿ ಕಲ್ಲು ಒಡೆಯುವವರ ಒಂಬತ್ತು ಮನೆ. ಅವುಗಳ ಬಾಗಿಲಿನ ತಂಟೆಯೆಲ್ಲ ಅವಳ ಪಾಲಿಗೆ.

"ಕಳ್ಳರ ಮಾತಲ್ಲ ಧಣಿ. ನೀವು ಬುಡ ಕಡೀತಿದೀರಿ, ಗುಡ್ಡ ಜರೀತಿದೆ. ಮಳೆ ಹಿಡಿಯೋಕೆ ಮುಂಚೆ ನಿಮ್ಮ ಖಾಲಿ ಗೋಡೌನಲ್ಲಿ ಜಾಗ ಕೊಡಿ. ಮಗಳು ತುಂಬು ಬಸುರಿ."

"ಬಾಗಿಲಿನ ಮರ ಉಬ್ಬಿರುತ್ತೆ ಕಣಮ್ಮ," ಎನ್ನುತ್ತಲೇ ಸಾಹೇಬ ಬರೆದ: ಅಪಾಯವಿಲ್ಲ.

"ಈ ಬಿಸಿಲಲ್ಲಾ ಸ್ವಾಮಿ? ಉಬ್ಬಿದ್ರೆ ಉದ್ದಕ್ಕೂ ಉಬ್ಬಬೇಕು. ಮೂರು ಸಲ ಹೆರೆದಿದೀನಿ, ಮೂರು ಸಲಾನೂ ಅದೇ ಮೂಲೆ ಕಚ್ಚುತ್ತೆ."

"ನೋಡಿ ಸಾಹೇಬ್ರೆ, ಬಡಗಿ ಹೆಂಡ್ತಿ ಇಂಜಿನಿಯರ್ ಆಗ್ಬಿಟ್ಲು!"

ಮುಂಡೆ ಎಂದದ್ದು ಅವಳಿಗೆ ನಾಟಲಿಲ್ಲ. ಕೇಳಿ ಕೇಳಿ ಕಿವಿ ಜಡ್ಡುಗಟ್ಟಿತ್ತು. ಮನೆಗೆ ಹೋಗುವ ದಾರಿಯುದ್ದಕ್ಕೂ ಕೊರೆದದ್ದು ಬೇರೆಯೇ. ಬಾಗಿಲು ಮತ್ತೆ ಸಲೀಸಾಗಿ ಮುಚ್ಚಿದಾಗಲೆಲ್ಲ ಮಗಳು "ಸರಿಹೋಯ್ತು" ಎಂದು ನಿದ್ದೆಹೋಗಿದ್ದಳು. ಗುಡ್ಡ ಹೇಳಿಕಳಿಸಿದ ಸುದ್ದಿಯನ್ನು ಮೂರು ಸಲ ಹೆರೆದು ಒಲೆಗೆ ಹಾಕಿದವಳು ತಾನೇ.

"ಅಮ್ಮಾ, ಮತ್ತೆ ಕಚ್ಕೊಂಡಿದೆ. ಚೂರು ಹೆರೆದುಬಿಡು," ಎಂದಳು ಮಗಳು.

ಅವಳು ಉಜ್ಜುಗೊರಡು ಮುಟ್ಟಲಿಲ್ಲ. ಸುತ್ತಿಗೆ ತಗೊಂಡು ತಿರುಗಣಿಯ ಮೊಳೆ ಕಿತ್ತಳು. ಬಾಗಿಲನ್ನು ತಲೆಯ ಮೇಲೆ ಹೊತ್ತು, ಸಾಲುಮನೆಗಳ ಮುಂದೆ ಕೂಗುತ್ತ ನಡೆದಳು: "ನಿಮ್ಮವನ್ನೂ ಕಿತ್ಕೊಂಡು ಬನ್ರೇ!"

ಕಚೇರಿ ಕೂತಿದ್ದದ್ದು ಗಟ್ಟಿ ಬಂಡೆಯ ಮೇಲೆ. ಅದಕ್ಕೂ ಮನೆಗಳಿಗೂ ಒಂದೇ ಅಳತೆಯಲ್ಲಿ ಬಾಗಿಲು ಮಾಡಿದ್ದವನು ಅವಳ ಗಂಡ. ಧಣಿ, ಸಾಹೇಬ ಇನ್ನೂ ಚಹಾ ಹೀರುತ್ತಿದ್ದರು. ಅವಳು ಹೊತ್ತದ್ದನ್ನು ಆ ನೆಟ್ಟಗಿನ ಚೌಕಟ್ಟಿಗೆ ನಿಲ್ಲಿಸಿ ಒತ್ತಿದಳು. ಕೆಳಗೆ ಸರಿಯಾಗಿ ಕೂತಿತು. ಹೆರೆದು ಹೆರೆದು ಸವೆದ ಮೇಲಿನ ಮೂಲೆಯಲ್ಲಿ ಮುಷ್ಟಿ ತೂರುವಷ್ಟು ಸಂದಿ.

"ನಮ್ಮ ಮನೆ ಇಷ್ಟು ವಾಲಿದೆ ಸಾಹೇಬ್ರೆ. ಇದನ್ನ ಬರ್ಕೊಳ್ಳಿ."

"ತೆಗಿಯೇ ಅದನ್ನ, ಸೂಳೆಮಗಳೆ!" ಧಣಿ ಒಳಗಿಂದ ಗುದ್ದಿದ. ಸಂದಿಯಲ್ಲಿ ಅವನ ಕಣ್ಣೊಂದೇ ಕಾಣುತ್ತಿತ್ತು.

"ಮೊದಲು ಗೋಡೌನ್ ಬೀಗದಕೈ."

ಅವಳು ಬಾಗಿಲಿಗೆ ಬೆನ್ನು ಕೊಟ್ಟು ನಿಂತಳು. ಎದುರು ದಾರಿಯಲ್ಲಿ ಎಂಟು ಬಾಗಿಲು ತಲೆಗಳ ಮೇಲೆ ಏರಿ ಬರುತ್ತಿದ್ದವು. ಮುಂದೆ ಮಗಳು, ಒಂದು ಕೈ ಹೊಟ್ಟೆಯ ಮೇಲೆ, ಇನ್ನೊಂದರಲ್ಲಿ ಕಲ್ಲು ಎಬ್ಬಿಸುವ ಹಾರೆ. ಅವರ ಹಿಂದೆ, ಬಾಯ್ದೆರೆದು ನಿಂತ ಮನೆಗಳ ಮೇಲಿಂದ, ಒಂದೆಲೆಯೂ ಅಲುಗದ ಆ ಬಿಸಿಲಿನಲ್ಲಿ, ಸಣ್ಣ ಸಣ್ಣ ಕಲ್ಲುಗಳು ಉರುಳತೊಡಗಿದ್ದವು.