ತಂತಿ ಕಚ್ಚಿದ ಬಳ್ಳಿ

ನೆಂಟರೆಲ್ಲ ಹೊರಟುಹೋದ ಮರುದಿನ ಬೆಳಿಗ್ಗೆ ಸತ್ತವನ ಮೊಬೈಲು ಎಂದಿನಂತೆ ಕೂಗಿತು. ಇದ್ದಾಗ ಅವನು ಕಣ್ಣು ಬಿಡದೆಯೇ ಅದರ ಬಾಯಿ ಮುಚ್ಚಿಸಿ "ಇನ್ನೈದು ನಿಮಿಷ ಕಣೇ" ಎನ್ನುತ್ತಿದ್ದ. ಹೆಂಡತಿ ಅಲಾರಮನ್ನು ಅಳಿಸಿಹಾಕಿ, ಎದ್ದು ಹಿತ್ತಲ ಬಾಗಿಲು ತೆರೆದಳು.

ಹಿತ್ತಲ ನಲ್ಲಿಯಲ್ಲಿ ಕೆಂಪು ಹಿಡಿಯ ಕತ್ತರಿಯೊಂದು ನೇತಾಡುತ್ತಿತ್ತು. ಗಿಡ ಸವರುವ ಕತ್ತರಿ. ಪಕ್ಕದ ಮನೆಯ ಡ್ರೈವಿಂಗ್ ಮೇಷ್ಟರದು. ಬೀದಿಯವರು ಅವರನ್ನು ಕರೆಯುವುದು ಕ್ಲಚ್ಚಣ್ಣ ಎಂದು. ದ್ರಾಕ್ಷಿ ಬಳ್ಳಿ ಸವರಲೆಂದು ಗಂಡ ಅದನ್ನು ಕೇಳಿ ತಂದಿದ್ದ. "ಭಾನುವಾರ ಕೊಟ್ಬಿಡ್ತೀನಿ" ಎಂದಿದ್ದ. ಅದು ಚಳಿ ಶುರುವಾಗುವ ಮೊದಲಿನ ಮಾತು. ಅವನ ಬಾಯಲ್ಲಿ ಭಾನುವಾರ ಎಂಬುದು ವಾರದ ಒಂದು ದಿನವಾಗಿರಲಿಲ್ಲ, ಮಾಡದ ಕೆಲಸಗಳನ್ನು ತುಂಬಿಡುವ ಅಟ್ಟವಾಗಿತ್ತು. ನಲ್ಲಿಯ ವಾಷರು, ಅಮ್ಮನ ಹಲ್ಲುನೋವು, ಈ ಬಳ್ಳಿ, ಎಲ್ಲ ಆ ಅಟ್ಟ ಸೇರಿದ್ದವು. ಎದೆ ಹಿಡಿದಂತಾದಾಗಲೂ "ಗ್ಯಾಸು ಕಣೇ, ಭಾನುವಾರ ಡಾಕ್ಟರ್ ಹತ್ರ ಹೋದ್ರಾಯ್ತು" ಎಂದಿದ್ದ. ಆ ಭಾನುವಾರ ಅವನನ್ನು ಮಣ್ಣು ಮಾಡಿದರು.

ಅವಳು ಚಪ್ಪರದ ಕೆಳಗೆ ನಿಂತು ನೋಡಿದಳು. ವಿಶ್ವವಿದ್ಯಾಲಯದಲ್ಲಿ ಸಸ್ಯಶಾಸ್ತ್ರ ಓದಿದವಳಿಗೆ ಬಳ್ಳಿಯ ಸ್ಥಿತಿ ಕಣ್ಣಿಗೆ ಹೊಡೆಯುವಂತಿತ್ತು. ಕಳೆದ ವರ್ಷದ ಕಡ್ಡಿಗಳು ಒಂದಕ್ಕೊಂದು ಸಿಕ್ಕು ಹಾಕಿಕೊಂಡಿದ್ದವು. ಚಿಗುರೊಡೆಯುವ ಕಣ್ಣುಗಳನ್ನು ಕಡ್ಡಿಗೆರಡರಂತೆ ಉಳಿಸಿ ಅವನ್ನೆಲ್ಲ ಚಳಿಯಲ್ಲೇ ಕತ್ತರಿಸಬೇಕಿತ್ತು. ಈಗ ಕಣ್ಣುಗಳು ಉಬ್ಬುತ್ತಿದ್ದವು. ಅದನ್ನಾದರೂ ಸಹಿಸಬಹುದು, ಒಂದು ವರ್ಷ ಹಣ್ಣು ಕಡಿಮೆ ಬಂದೀತು. ಸಹಿಸಲಾಗದ್ದು ತಂತಿ. ಕನ್ನಡಕದಂಗಡಿಯಲ್ಲಿ ಕೆಲಸಕ್ಕಿದ್ದ ಗಂಡ ಮೊದಲ ವರ್ಷ ಎಳೆ ಬಳ್ಳಿಯನ್ನು ಚಪ್ಪರಕ್ಕೆ ಹತ್ತಿಸುವಾಗ ಅಲ್ಲಿಂದ ತೆಳು ತಂತಿ ತಂದು ಬಿಗಿದಿದ್ದ. ಬಟ್ಟೆಚೂರಿನಲ್ಲಿ ಸಡಿಲವಾಗಿ ಕಟ್ಟಬೇಕು, ಕಾಂಡ ದಪ್ಪವಾಗುತ್ತೆ ಎಂದು ಅವಳು ಹೇಳಿದ್ದಳು. "ದಪ್ಪ ಆದಾಗ ನೋಡೋಣ" ಎಂದಿದ್ದ. ಈಗ ದಪ್ಪವಾಗಿತ್ತು. ತಂತಿ ತೊಗಟೆಯೊಳಗೆ ಇಳಿದು, ಕಟ್ಟಿನ ಎರಡೂ ಕಡೆ ಕಾಂಡ ಬಾತುಕೊಂಡಿತ್ತು. ಇನ್ನೊಂದು ಬೇಸಿಗೆ ಬಿಟ್ಟರೆ ಬಳ್ಳಿಯ ಆ ಕವಲು ಅಲ್ಲೇ ಒಣಗುತ್ತದೆ.

ಅವಳು ಕತ್ತರಿ ಕೈಗೆತ್ತಿಕೊಂಡಳು. ಅತ್ತೆ ಬಾಗಿಲಲ್ಲಿ ನಿಂತಿದ್ದರು.

"ಏನೇ ಅದು?"

"ಬಳ್ಳಿ ಸವರಬೇಕು ಅತ್ತೆ. ತಂತಿನೂ ಬಿಚ್ಚಬೇಕು."

"ಮುಟ್ಟಬೇಡ. ಆ ಕಟ್ಟೆಲ್ಲ ನನ್ನ ಮಗನ ಕೈಯವು."

"ಅದಕ್ಕೇ ಉಸಿರು ಕಟ್ತಿದೆ."

"ಏನಂದೆ?"

"ಬಳ್ಳಿಗೆ, ಅತ್ತೆ. ತಂತಿ ಒಳಗೆ ಹೋಗಿದೆ."

"ಓದಿದವಳಲ್ವಾ, ಎಲ್ಲಾ ಗೊತ್ತು ನಿಂಗೆ. ಇಷ್ಟೆಲ್ಲಾ ಗೊತ್ತಿದ್ದವಳಿಗೆ ಅವನನ್ನ ಆಸ್ಪತ್ರೆಗೆ ಎಳ್ಕೊಂಡು ಹೋಗ್ಬೇಕು ಅಂತ ಮಾತ್ರ ಗೊತ್ತಾಗ್ಲಿಲ್ಲ."

ಆಸ್ಪತ್ರೆಯ ಮಾತನ್ನು ಅವಳು ಆಡಿದ್ದಳು. ಅವನು ನಕ್ಕಿದ್ದ. ಅವಳು ಸುಮ್ಮನಾಗಿದ್ದಳು, ತಂತಿಯ ವಿಷಯದಲ್ಲಿ ಸುಮ್ಮನಾದಂತೆಯೇ. ಈಗಲೂ ಸುಮ್ಮನೆ ಕತ್ತರಿಯನ್ನು ನಲ್ಲಿಗೆ ತಗುಲಿಹಾಕಿ ಒಳಗೆ ಹೋದಳು.

ಕ್ಲಚ್ಚಣ್ಣ ದಿನಾ ಗೋಡೆಯಾಚೆಯಿಂದ ಇಣುಕುತ್ತಿದ್ದರು. "ಏನಮ್ಮಾ, ಊಟ ಗೀಟ ಮಾಡ್ತಿದೀಯಾ?" ಬಾಯಿ ಅವಳನ್ನು ವಿಚಾರಿಸಿದರೆ ಕಣ್ಣು ನಲ್ಲಿಯನ್ನು ವಿಚಾರಿಸುತ್ತಿತ್ತು. ಅವರ ಬೇಲಿಗಿಡ ಕ್ಷೌರ ಕಾಣದ ತಲೆಯಂತಾಗಿತ್ತು. ಒಂದು ಸಂಜೆ ಗೋಡೆಯಾಚೆ ಅವರ ಮತ್ತು ಅವರ ಹೆಂಡತಿಯ ಗುಸುಗುಸು ಅವಳ ಕಿವಿಗೂ ಬಿತ್ತು.

"ಕೇಳಿಬಿಡ್ರೀ ಅತ್ಲಾಗೆ. ಅಡುಗೆಮನೆ ಕತ್ತರೀಲಿ ಎಷ್ಟು ದಿನ ಬೇಲಿ ಕೆರೀತೀರಾ?"

"ಸುಮ್ನಿರೇ. ಸಾವಿನ ಮನೇಲಿ ಕತ್ತರಿ ಕೇಳ್ತಾರಾ ಯಾರಾದ್ರೂ?"

"ಊರಿಗೆಲ್ಲಾ ಗಾಡಿ ಓಡ್ಸೋದು ಕಲಿಸ್ತೀರಿ, ಬಾಯಿ ಮಾತ್ರ ಯಾವಾಗ್ಲೂ ನ್ಯೂಟ್ರಲ್ಲು!"

ಸಾವಿನ ನಂತರ ಮೊದಲ ಬಾರಿಗೆ ಅವಳಿಗೆ ನಗು ಬಂತು. ಬಂದ ನಗು ಅರ್ಧಕ್ಕೇ ನಿಂತಿತು. ಕತ್ತರಿ ಕೊಟ್ಟುಬಿಡುವುದೇನೂ ದೊಡ್ಡ ವಿಷಯವಲ್ಲ. ಆದರೆ ಕೆಲಸ ಮಾಡದೆ ಕೊಟ್ಟರೆ ಬಳ್ಳಿ ಗಂಡನ ಭಾನುವಾರದ ಅಟ್ಟದಲ್ಲೇ ಉಳಿಯುತ್ತದೆ. ಬರಬರುತ್ತಾ ಅತ್ತೆ ಅದನ್ನು ಪೂಜೆಯ ಗಿಡ ಮಾಡಿಬಿಡುತ್ತಾರೆ, ಮತ್ತು ಅದು ಎಲ್ಲರ ಕಣ್ಣೆದುರೇ ಕತ್ತು ಹಿಸುಕಿಸಿಕೊಂಡು ಸಾಯುತ್ತದೆ.

ಮರುದಿನ ಅತ್ತೆ ಎದ್ದು ಬರುವಷ್ಟರಲ್ಲಿ ಅವಳು ಸ್ಟೂಲು ಹತ್ತಿದ್ದಳು. ಕಡ್ಡಿಗಳು ಒಂದೊಂದಾಗಿ ಕೆಳಗೆ ಬಿದ್ದವು. ಬಿಚ್ಚಲು ಬಂದ ತಂತಿಗಳನ್ನು ಇಕ್ಕಳದಿಂದ ಬಿಚ್ಚಿದಳು. ಒಂದು ಕಡೆ ಮಾತ್ರ ತಂತಿ ಕಾಂಡದ ಹೊಟ್ಟೆಯೊಳಗೇ ಸೇರಿಹೋಗಿತ್ತು. ಹೊರಗೆ ಕಾಣುತ್ತಿದ್ದ ಎರಡು ತುದಿಗಳನ್ನು ಕತ್ತರಿಸಿ, ಉಳಿದದ್ದನ್ನು ಅಲ್ಲೇ ಬಿಟ್ಟಳು.

ಬಿಸಿಲೇರುವ ಹೊತ್ತಿಗೆ ಕತ್ತರಿಸಿದ ಪ್ರತಿ ತುದಿಯಿಂದಲೂ ನೀರು ತೊಟ್ಟಿಕ್ಕತೊಡಗಿತು. ನೆಲ ಚುಕ್ಕೆಚುಕ್ಕೆಯಾಗಿ ಒದ್ದೆಯಾಯಿತು. ಅತ್ತೆ ಬಂದು, ನೋಡಿ, ಬಾಗಿಲ ಚೌಕಟ್ಟು ಹಿಡಿದುಕೊಂಡರು.

"ಕೊನೆಗೂ ಕತ್ತರಿಸಿಬಿಟ್ಯಲ್ಲ! ನೋಡೇ, ಅದೂ ಅಳ್ತಿದೆ. ಮಾತು ಬಾರದ ಗಿಡ ಅಳ್ತಿದೆ. ನಿನ್ನ ಕಣ್ಣಿಂದ ಒಂದು ಹನಿ ಬಿತ್ತಾ ಇವತ್ತಿನವರೆಗೂ?"

ಬೇರು ಎಚ್ಚರಾಗಿ ನೀರು ಮೇಲಕ್ಕೆ ತಳ್ಳುತ್ತದೆ, ಚಳಿಯಲ್ಲೇ ಕತ್ತರಿಸಿದ್ದರೆ ಒಂದು ಹನಿಯೂ ಬರುತ್ತಿರಲಿಲ್ಲ ಎಂಬ ಮಾತು ಅವಳ ನಾಲಿಗೆಯ ತುದಿಗೆ ಬಂದು ಹಿಂದಕ್ಕೆ ಹೋಯಿತು. ಅತ್ತೆ ಒಳಗಿನಿಂದ ಮಗನ ಹಳೆಯ ಅಂಗಿ ತಂದು ಪರಪರನೆ ಹರಿದರು. ಸ್ಟೂಲು ಹತ್ತಿ, ಗಾಯಕ್ಕೆ ಕಟ್ಟುವಂತೆ ಒಂದೊಂದೇ ತುದಿಗೆ ಬಟ್ಟೆ ಸುತ್ತಿದರು. ಸ್ಟೂಲು ಅಲುಗಾಡಿತು. ಸೊಸೆ ಅವರ ಸೊಂಟ ಹಿಡಿದುಕೊಂಡಳು. ಬೈಗುಳವೂ ನಿಲ್ಲಲಿಲ್ಲ, ಹಿಡಿದ ಕೈಯೂ ಸಡಿಲವಾಗಲಿಲ್ಲ. ಬಟ್ಟೆಚೂರು, ಸಡಿಲ ಗಂಟು: ಅವಳು ಅಂದು ಗಂಡನಿಗೆ ಹೇಳಿದ್ದು ಇದನ್ನೇ. ಬಟ್ಟೆಗಳು ನೆನೆದು, ನೀರು ಮತ್ತೆ ಕೆಳಗಿಳಿಯಿತು.

ಅವಳು ಕತ್ತರಿಯ ಅಂಟು ತೊಳೆದು, ಒರೆಸಿ, ಎಣ್ಣೆ ಹಚ್ಚಿ ಪಕ್ಕದ ಮನೆಗೆ ಹೋದಳು. ಕ್ಲಚ್ಚಣ್ಣ ಗೇಟಿನಲ್ಲೇ ಸಿಕ್ಕರು.

"ಅಯ್ಯೋ, ಇದಕ್ಕೆಲ್ಲಾ ಏನು ಅವಸರ ಇತ್ತಮ್ಮಾ?" ಎಂದವರು ದನಿ ತಗ್ಗಿಸಿದರು. "ಈಗ ತಾನೇ ಗೋಡೆ ಹತ್ರ ನಿಮ್ಮತ್ತೆ ಹೇಳ್ತಿದ್ರು, ಬಳ್ಳಿ ಅವನನ್ನ ನೆನೆಸ್ಕೊಂಡು ಅಳ್ತಿದೆಯಂತೆ. ಹೌದಾ?"

"ತಡವಾಗಿ ಕತ್ತರಿಸಿದ್ರೆ ಹಾಗಾಗುತ್ತೆ. ತಡ ಆಗಿತ್ತು."

ಅವರು ಕತ್ತರಿಯನ್ನು ತಿರುಗಿಸಿ ಮುರುಗಿಸಿ ನೋಡಿ, ಅವಳತ್ತಲೇ ಮತ್ತೆ ಚಾಚಿದರು.

"ಇನ್ನೂ ಏನಾದ್ರೂ ಕೆಲಸ ಉಳಿದಿದ್ರೆ ಇಟ್ಕೊಳ್ಳಮ್ಮಾ. ಭಾನುವಾರ ಕೊಟ್ರಾಯ್ತು."

"ಬೇಡ," ಎಂದಳು ಅವಳು, ಎರಡೂ ಕೈ ಹಿಂದಕ್ಕೆ ಕಟ್ಟಿಕೊಂಡು. "ಇವತ್ತೇ ತಗೊಳ್ಳಿ."