ಕೀಲಿ ಹಾಕಿದ ಖೋಲಿ

ನಿಮ್ಮ ಗಲ್ಲಿ ಸೀಲ್ ಮಾಡುತ್ತಿದ್ದಾರಂತೆ ಎಂದು ಮುಂಬಯಿಯ ಮುಲುಂಡಿನಲ್ಲಿ ತಾನು ಮನೆಗೆಲಸ ಮಾಡುವ ಬಿಲ್ಡಿಂಗಿನ ವಾಚ್‌ಮನ್ ಹೇಳಿದ್ದೇ ತಡ, ಬಸಲಿಂಗವ್ವ ಪಾತ್ರೆ ತಿಕ್ಕುವುದನ್ನು ಬಿಟ್ಟು ಓಡಿದಳು. ಭಾಂಡುಪಿನಲ್ಲಿ ತಾನಿದ್ದ ಸಾಲುಖೋಲಿಗಳ ಚಾಳು ಮುಟ್ಟುವಷ್ಟರಲ್ಲಿ ಗಲ್ಲಿಯ ಬಾಯಿಗೆ ಬಿದಿರು ಕಟ್ಟಿಯಾಗಿತ್ತು. ಒಳಗೆ ಯಾರಿಗೋ ಕೊರೋನಾ. ಯಾರೂ ಬರುವಂತಿಲ್ಲ, ಹೋಗುವಂತಿಲ್ಲ.

ಬಿದಿರಿನಾಚೆ ಚಾಳ್ ಕಮಿಟಿಯ ಸಿದ್ದಲಿಂಗಪ್ಪ, ಮಾಸ್ಕನ್ನು ಗದ್ದಕ್ಕಿಳಿಸಿಕೊಂಡು ನಿಂತಿದ್ದ.

"ಏನವಾ, ಮಗಳನ್ನ ಕರಕೊಂಡು ಊರಿಗೆ ಹೋಗಿದ್ದೆಲ್ಲಾ? ವಿಮಾನದಾಗ ಬಂದಿ ಏನು?"

"ಹೋಗಿಲ್ಲೋ ಅಣ್ಣಾ. ಸಪ್ನಾ ಒಳಗ ಅದಾಳ!"

"ಎಲ್ಲಿ ಒಳಗ? ನಿನ್ನ ಖೋಲಿಗೆ ಕೀಲಿ ಐತಿ. ಔಷಧ ಹೊಡಿಯೋರು ಬಾಗಲಾ ಬಡದ್ರು, ಸದ್ದಿಲ್ಲ."

ಸದ್ದು ಮಾಡಬಾರದೆಂದು ಕಲಿಸಿದವಳೇ ಬಸಲಿಂಗವ್ವ. ಬಿಲ್ಡಿಂಗಿಗೆ ಕೆಲಸಕ್ಕೆ ಹೋಗುವವರು ರೋಗ ತರುತ್ತಾರೆ, ಖೋಲಿ ಬಿಡಿ ಎಂದಿತ್ತು ಕಮಿಟಿ. ಕೆಲಸಕ್ಕೆ ಬಾ, ಮಗುವನ್ನು ತರಬೇಡ ಎಂದಿದ್ದಳು ಮುಲುಂಡಿನ ಮನೆಯ ಮೇಡಮ್. ಗಂಡ ಬಿಟ್ಟುಹೋದ ಹೆಂಗಸು ಇವೆರಡರ ನಡುವೆ ಎಲ್ಲಿ ನಿಲ್ಲಬೇಕು? ಊರಿಗೆ ಹೊರಟೆವೆಂದು ಚಾಳಿಗೆಲ್ಲ ಸುಳ್ಳು ಹೇಳಿದಳು. ದಿನವೂ ಬೆಳಕು ಹರಿಯುವ ಮುಂಚೆ ಆರು ವರ್ಷದ ಮಗಳನ್ನು ಒಳಗಿಟ್ಟು, ಹೊರಗಿನಿಂದ ಬೀಗ ಜಡಿದು ಹೋಗುತ್ತಿದ್ದಳು. ಕತ್ತಲಾದ ಮೇಲೆ ಬರುತ್ತಿದ್ದಳು. ನಿನ್ನೆಯಿಂದ ಮಗುವಿಗೆ ಕೆಮ್ಮು. "ಯಾರು ಕರದ್ರೂ ಓ ಅನಬ್ಯಾಡ. ಕೆಮ್ಮಿದಿ ಅಂದ್ರ ನಿನ್ನ ಒಯ್ತಾರ ನೋಡು" ಎಂದು ಇವತ್ತೂ ಹೆದರಿಸಿಯೇ ಹೊರಟಿದ್ದಳು.

"ಕೀಲಿಕೈ ಒಗಿ ಇಲ್ಲಿ!" ಪಕ್ಕದ ಖೋಲಿಯ ಇಮಾಮಬಿ ಓಡಿಬಂದಳು.

"ತಡಿ, ಮುನಸಿಪಾಲ್ಟಿ ಸಾಹೇಬರನ್ನ ಕೇಳಬೇಕು," ಎಂದ ಸಿದ್ದಲಿಂಗಪ್ಪ.

"ನಿನ್ನ ಸಾಹೇಬನ್ನ ಒಲಿಗೆ ಹಾಕ! ಬಸವ್ವಾ, ನನಗರೆ ಹೇಳಬಾರದಿತ್ತೇನ? ಗ್ವಾಡಿ ಆಚಿಗೇ ಇದ್ದೆನಲ್ಲೇ!"

ಬಿದಿರಿನ ಮೇಲಿಂದ ಕೀಲಿಕೈ ಹಾರಿತು. ಬಾಗಿಲು ಕಿರುಗುಟ್ಟಿತು. ಆಮೇಲೆ ಇಮಾಮಬಿಯ ಚೀತ್ಕಾರ: "ಯಾ ಅಲ್ಲಾ!"

ಅವಳು ಮಗುವನ್ನು ಎತ್ತಿಕೊಂಡು ಬಂದಳು. ಸಪ್ನಾಳ ಕಣ್ಣುಗಳು ಕೆಂಡದಂತಾಗಿದ್ದವು. ಬಾಯಿಯೊಳಗೆ ಅವ್ವನ ಹಳೆಯ ಸೀರೆಯ ಸೆರಗು. ತಾನೇ ತುರುಕಿಕೊಂಡದ್ದು, ಗಂಟಲ ತನಕ. ಇಮಾಮಬಿ ಎಳೆದಳು, ಎಳೆದಷ್ಟೂ ಬಂತು.

ಮಗು ಏದುಸಿರು ಬಿಟ್ಟಿತು. ಬಿದಿರಿನಾಚೆ ನಿಂತ ಅವ್ವನನ್ನು ನೋಡಿತು.

"ಅವ್ವಾ, ನಾ ಕೆಮ್ಮಿಲ್ಲ."

ಬಸಲಿಂಗವ್ವ ಬಿದಿರನ್ನು ಎರಡೂ ಕೈಯಿಂದ ಹಿಡಿದಳು.

"ಕೆಮ್ಮು ನನ್ನವ್ವಾ. ಜೋರಲೇ ಕೆಮ್ಮು. ಚಾಳಿಗೆಲ್ಲಾ ಕೇಳಲಿ, ಮುಲುಂಡಿಗೂ ಕೇಳಲಿ!"

ಮಗು ಕೆಮ್ಮಿತು. ಸಿದ್ದಲಿಂಗಪ್ಪ ಗದ್ದದ ಮಾಸ್ಕನ್ನು ಮೂಗಿಗೇರಿಸಿ ಹಿಂದೆ ಸರಿದ.

ಬಸಲಿಂಗವ್ವ ಬಿದಿರಿನ ಹಗ್ಗವನ್ನು ಹಲ್ಲಿನಿಂದ ಬಿಚ್ಚತೊಡಗಿದಳು.